ಸಿಂಹ ಯಾರನ್ನೂ ತಿನ್ನಬಾರದು: ಸಫಾರಿಯ ಮೇಲೊಂದು ಪತ್ತೇದಾರಿ ಕಾದಂಬರಿ ಬರೆಯುವ ಬಗೆ

ನನ್ನ ಕಾದಂಬರಿಯ ಮೊದಲ ಪ್ರತಿಯಲ್ಲಿ ಸಿಂಹ ಮೂರು ಜನರನ್ನು ತಿಂದಿತ್ತು, ಮೊಸಳೆ ಒಬ್ಬರನ್ನು. 280 ಪುಟ ಓದಿ ಮುಗಿಸಿದ ಹೆಂಡತಿ ಕನ್ನಡಕ ತೆಗೆದಿಟ್ಟು ಕೇಳಿದಳು: "ಹದಿನಾಲ್ಕು ವರ್ಷ ಅಲ್ಲಿ ಇದ್ರಿ. ಒಬ್ಬರನ್ನರ ಸಿಂಹ ತಿಂದದ್ದು ನೋಡೀರೇನು?"

ಇಲ್ಲ ಅಂದೆ.

"ಮತ್ತ ಏನ್ ತಿಂದದ್ದು ನೋಡೀರಿ?"

"ರೊಕ್ಕ ತಿಂದದ್ದು."

"ಹಂಗಾದ್ರ ಅದನ್ನ ಬರೀರಲ್ಲ."

ನಾನು ಗದಗಿನವನು, ಲೆಕ್ಕಪತ್ರದ ಮನುಷ್ಯ. ಟಾಂಜಾನಿಯಾದ ಅರುಷಾದಲ್ಲಿ ಒಂದು ಸಫಾರಿ ಕಂಪನಿಯ ಹಿಸಾಬು ಬರೆದುಕೊಂಡು 14 ವರ್ಷ ಕಳೆದೆ. ಗೈಡ್ ಅಲ್ಲ, ಬೇಟೆಗಾರನಂತೂ ಅಲ್ಲವೇ ಅಲ್ಲ. ಗಾಡಿಗೆ ಎಷ್ಟು ಡೀಸೆಲ್ ಹೋಯಿತು, ಯಾವ ಗೇಟಿನಲ್ಲಿ ಎಷ್ಟು ಕಟ್ಟಿದರು, ಯಾರ ಚೀಲ ಎಷ್ಟು ತೂಗಿತು, ಇಷ್ಟೇ ನನ್ನ ಕೆಲಸ. ಪ್ರಾಣಿಗಳ ಬಗ್ಗೆ ನನಗಿಂತ ತಿಳಿದವರು ಸಾವಿರ ಮಂದಿ ಇದ್ದಾರೆ. ಆದರೆ ಸಫಾರಿಗೆ ಬಂದ ಮನುಷ್ಯರು ಒಬ್ಬರಿಗೊಬ್ಬರು ಹೇಳುವ ಸುಳ್ಳು ಲೆಡ್ಜರಿನಲ್ಲಿ ಕಾಣುವಷ್ಟು ದುರ್ಬೀನಿನಲ್ಲಿ ಕಾಣುವುದಿಲ್ಲ. ಆ ಕಾದಂಬರಿಯನ್ನು ಎರಡನೇ ಸಲ ಬರೆಯುವಾಗ ಕಲಿತದ್ದನ್ನು ಇಲ್ಲಿ ಹೇಳುತ್ತಿದ್ದೇನೆ. ನೀವು ಇಂಥದ್ದೊಂದು ಬರೆಯಲು ಕೂತಿದ್ದರೆ ನನ್ನ ಹಾಗೆ 280 ಪುಟ ಹರಿದುಹಾಕುವುದು ತಪ್ಪೀತು.

ಮೊದಲು ದೇಶ, ಆಮೇಲೆ ತಿಂಗಳು

"ಆಫ್ರಿಕಾದ ದಟ್ಟ ಕಾಡಿನ ನಡುವೆ" ಎಂದು ಶುರು ಮಾಡಬೇಡಿ. ನಾನು ಮಾಡಿದ್ದೆ. ಟಾಂಜಾನಿಯಾದ ಸೆರೆಂಗೆಟಿ ರಾಷ್ಟ್ರೀಯ ಉದ್ಯಾನದ ದಕ್ಷಿಣಕ್ಕೆ ಬಂದು ನಿಂತರೆ ಕಾಡೇ ಇಲ್ಲ. ಪಾದ ಮುಳುಗುವಷ್ಟು ಹುಲ್ಲು, ಅಲ್ಲೊಂದು ಇಲ್ಲೊಂದು ಬಂಡೆಗುಡ್ಡ, ಉಳಿದದ್ದೆಲ್ಲ ಆಕಾಶ. ಸುಗ್ಗಿ ಮುಗಿದ ಮೇಲೆ ನವಲಗುಂದದ ಹೊಲದಲ್ಲಿ ನಿಂತ ಹಾಗೆ. ಪಶ್ಚಿಮದ ಭಾಗಕ್ಕೆ ಹೋದರೆ ಮಣ್ಣೂ ನಮ್ಮ ಎರೆಮಣ್ಣೇ, ನಾಲ್ಕು ಹನಿ ಬಿದ್ದರೆ ಗಾಲಿಗೆ ಅಂಟಿಕೊಳ್ಳುವ ಪರಿಯೂ ಅದೇ. ಉದ್ಯಾನದ ವಿಸ್ತಾರ 14,763 ಚದರ ಕಿಲೋಮೀಟರ್. ನಮ್ಮ ನಾಗರಹೊಳೆ ರಾಷ್ಟ್ರೀಯ ಉದ್ಯಾನದ 643ನ್ನು ಪಕ್ಕದಲ್ಲಿಟ್ಟು ನೋಡಿ.

ಬಯಲು ಎಂಬುದು ಇಲ್ಲಿ ಬರೀ ವರ್ಣನೆಯ ಮಾತಲ್ಲ. ನಾಗರಹೊಳೆಯಲ್ಲಿ ನಮಗೆ ಭಯವಾಗುವುದು ಲಂಟಾನದ ಹಿಂದೆ ಏನೋ ಇದೆ, ಕಾಣುತ್ತಿಲ್ಲ ಎಂದು. ಸೆರೆಂಗೆಟಿಯಲ್ಲಿ ಎಲ್ಲವೂ ಕಾಣುತ್ತದೆ. ಎರಡು ಮೈಲಿ ಆಚೆ ಹೋಗುವ ಗಾಡಿಯ ಧೂಳು ಕಾಣುತ್ತದೆ, ಆ ಧೂಳು ನೋಡಿ ಯಾವ ಕಡೆಯಿಂದ ಬಂದರು ಎಂದು ಗೈಡ್ ಹೇಳುತ್ತಾನೆ. ಬಚ್ಚಿಡಲು ಒಂದು ಪೊದೆಯಿಲ್ಲದ ಕಡೆ ಗುಟ್ಟನ್ನು ಎಲ್ಲಿ ಇಡುತ್ತೀರಿ? ಮಾತಿನಲ್ಲಿ, ರೂಢಿಯಲ್ಲಿ, ಕಾಗದದಲ್ಲಿ. ನಾನು ಹೇಳುವುದೆಲ್ಲ ಇದರ ಸುತ್ತಲೇ ತಿರುಗುತ್ತದೆ.

ದೇಶವನ್ನು ಗಟ್ಟಿ ಮಾಡಿಕೊಳ್ಳಿ. ಕೀನ್ಯಾದಲ್ಲಿ 1977ರಿಂದ ಮೋಜಿನ ಬೇಟೆಗೆ ನಿಷೇಧವಿದೆ. ಟಾಂಜಾನಿಯಾದಲ್ಲಿ ಪರವಾನಗಿ ಪಡೆದು ಅದಕ್ಕೆಂದೇ ಗೊತ್ತುಮಾಡಿದ ಪ್ರದೇಶಗಳಲ್ಲಿ ಬೇಟೆಯಾಡಬಹುದು, ರಾಷ್ಟ್ರೀಯ ಉದ್ಯಾನದ ಒಳಗೆ ಆಗದು. ಆದ್ದರಿಂದ ಕೀನ್ಯಾದ ಮಸಾಯಿ ಮಾರಾ ಅಭಯಾರಣ್ಯದಲ್ಲಿ ಕೋವಿ ಹೆಗಲಿಗೇರಿಸಿಕೊಂಡು ಪ್ರವಾಸಿಗರ ನಡುವೆ ಓಡಾಡುವ ಶೋಕಿಯ ಬೇಟೆಗಾರ ನಿಮ್ಮ ಕಥೆಯಲ್ಲಿದ್ದರೆ ಅವನನ್ನು ಈಗಲೇ ಕೈಬಿಡಿ. ಸೆರೆಂಗೆಟಿ ಉದ್ಯಾನದ ನಡುವೆ ದನಗಾಹಿ ಮಸಾಯಿಗಳ ಹಟ್ಟಿ ಇಟ್ಟರೂ ತಪ್ಪೇ. 1959ರಲ್ಲಿ ಅವರನ್ನು ಅಲ್ಲಿಂದ ಎಬ್ಬಿಸಿ ಪಕ್ಕದ ಎನ್ಗೊರೊಂಗೊರೊ ಸಂರಕ್ಷಣಾ ಪ್ರದೇಶಕ್ಕೆ ಕಳಿಸಿದರು, ಹಟ್ಟಿಗಳಿರುವುದು ಅಲ್ಲಿ. (ಹಾಗೆ ಎಬ್ಬಿಸಿದ್ದೇ ಒಂದು ದೊಡ್ಡ ದ್ರೋಹದ ಕಥೆ. ಅದನ್ನು ಬರೆಯಬೇಕಾದವನು ನಾನಲ್ಲ.)

ಇನ್ನು ತಿಂಗಳು. ಜನವರಿ ಕೊನೆಯಿಂದ ಮಾರ್ಚ್‌ವರೆಗೆ ವೈಲ್ಡ್‌ಬೀಸ್ಟ್ ಎಂಬ ದನದಂಥ ಹುಲ್ಲೆಗಳ ಹಿಂಡುಗಳು ದಕ್ಷಿಣದ ಹುಲ್ಲುಗಾವಲಿನಲ್ಲಿ ಕರು ಹಾಕುತ್ತವೆ. ಜುಲೈನಿಂದ ಅಕ್ಟೋಬರ್‌ವರೆಗೆ ಉತ್ತರದಲ್ಲಿ ಮಾರಾ ನದಿ ದಾಟುತ್ತವೆ. ಏಪ್ರಿಲ್, ಮೇ ದೊಡ್ಡ ಮಳೆ, ಅಲ್ಲಿನ ಸ್ವಾಹಿಲಿ ಭಾಷೆಯಲ್ಲಿ 'ಮಸಿಕಾ', ಎಷ್ಟೋ ಕ್ಯಾಂಪುಗಳು ಬಾಗಿಲು ಹಾಕುವ ಕಾಲ. ನದಿ ದಾಟುವ ದೃಶ್ಯ ಬೇಕೆಂದು ಎಲ್ಲರೂ ಆಗಸ್ಟ್ ಹಿಡಿಯುತ್ತಾರೆ. ನಾನು ಮಾರ್ಚ್ ಕೊನೆಯ ವಾರ ಹಿಡಿದೆ. ಮಳೆ ಬಂತೋ ಬರಲಿಲ್ಲವೋ ಎನ್ನುವ ಹೊತ್ತು ಅದು. ಇವತ್ತು ಹೋದ ದಾರಿಯಲ್ಲಿ ನಾಳೆ ವಾಪಸು ಬರಬಹುದು ಎಂಬ ಭರವಸೆ ಇರುವುದಿಲ್ಲ.

ಒಂದು ಗಾಡಿ, ಆರು ಜನ

ಮುಂದಿನ ಮಾತಿಗೆ ನನ್ನ ಕಾದಂಬರಿಯನ್ನೇ ಇಟ್ಟುಕೊಳ್ಳುತ್ತೇನೆ. ಗುಟ್ಟು ಬಿಟ್ಟುಕೊಟ್ಟಂತಾಗುತ್ತದೆ, ಆಗಲಿ.

ಗುರುನಾಥಪ್ಪ ಒಂದು ಹಳೆಯ ಎಣ್ಣೆಗಿರಣಿಯ ಯಜಮಾನ. 65 ತುಂಬಿದ ಖುಷಿಗೆ ಮನೆಯವರನ್ನು ಸೆರೆಂಗೆಟಿಗೆ ಕರಕೊಂಡು ಹೋಗುತ್ತಾನೆ: ತಮ್ಮ ರಮೇಶ, ತಮ್ಮನ ಹೆಂಡತಿ ವೀಣಾ, ಮಗಳು ಅನಘಾ, ಜತೆಗೆ 30 ವರ್ಷದ ಗೆಳೆಯ ಡಾಕ್ಟರ್ ಪಾಟೀಲ. ಗಾಡಿ ಓಡಿಸುವ ಗೈಡ್ ಬರಾಕಾ. ಗಿರಣಿ ಜಾಗದ ವಾಟ್ನಿ, ಅಂದರೆ ಆಸ್ತಿ ಪಾಲಿನ, ಕಾಗದಗಳ ಫೈಲು ಗುರುನಾಥಪ್ಪನ ಚೀಲದಲ್ಲಿದೆ, ಮನೆಯಲ್ಲಿಟ್ಟು ಬರಲು ಅವನಿಗೆ ಧೈರ್ಯವಿಲ್ಲ. ಅವನು ನಂಬುವುದು ಡಾಕ್ಟರರನ್ನು ಮಾತ್ರ. ನಾಲ್ಕನೆಯ ದಿನ ಬೆಳಗಾದಾಗ ಡೇರೆಯಲ್ಲಿ ಗುರುನಾಥಪ್ಪನೂ ಇಲ್ಲ, ಫೈಲೂ ಇಲ್ಲ.

ಹಳೆಯ ಪತ್ತೇದಾರಿ ಕಥೆಗಳಲ್ಲಿ ಒಳಗಿನಿಂದ ಚಿಲಕ ಹಾಕಿದ ಕೋಣೆ ಇರುತ್ತದಲ್ಲ, ಸಫಾರಿ ಗಾಡಿ ಅದೇ. ಉದ್ದ ಮಾಡಿಸಿದ ಲ್ಯಾಂಡ್ ಕ್ರೂಸರ್, ಮೇಲಕ್ಕೆತ್ತುವ ಚಾವಣಿ. ಗೊತ್ತುಮಾಡಿದ ಜಾಗ ಬಿಟ್ಟು ಬೇರೆಲ್ಲೂ ಕೆಳಗಿಳಿಯುವಂತಿಲ್ಲ. ಜಗಳವಾದರೂ ಇಳಿಯುವಂತಿಲ್ಲ. ಮುಖ ಆಚೆ ತಿರುಗಿಸಿ ಕೂತರೂ ಮೊಣಕಾಲು ತಾಗುತ್ತದೆ. ಬರೆಯುವ ಮೊದಲು ಒಂದು ಹಾಳೆಯಲ್ಲಿ ಸೀಟುಗಳ ಚಿತ್ರ ಹಾಕಿ, ಪ್ರತಿ ದಿನ ಯಾರು ಎಲ್ಲಿ ಕೂತರು ಎಂದು ಗುರುತು ಮಾಡಿಕೊಳ್ಳಿ. ಮುಂದಿನ ಸೀಟಿನಲ್ಲಿ ಕೂತವನಿಗೆ ರೇಡಿಯೋ ಸರಿಯಾಗಿ ಕೇಳುತ್ತದೆ, ಡ್ಯಾಶ್‌ಬೋರ್ಡಿನ ಚೀಟಿಗಳು ಕಾಣುತ್ತವೆ. ಹಿಂದಿನ ಸಾಲಿನವನಿಗೆ ಎಲ್ಲರ ಕುತ್ತಿಗೆ ಮಾತ್ರ ಕಾಣುತ್ತದೆ. ನನ್ನ ಡಾಕ್ಟರ್ ಮೊದಲ ದಿನವೇ "ನನಗ ಸೊಂಟನೋವು" ಎಂದು ಮುಂದಿನ ಸೀಟು ಹಿಡಿಯುತ್ತಾನೆ. ಯಾರೂ ತಪ್ಪು ತಿಳಿಯುವುದಿಲ್ಲ.

ಗುಟ್ಟಿನ ಮಾತು ಆಡಲು ಜಾಗ ಬೇಕಲ್ಲ? ಅದಕ್ಕೆ ನಾಬಿ ಹಿಲ್ ಗೇಟ್ ಇದೆ. ಅರುಷಾದಿಂದ ಎನ್ಗೊರೊಂಗೊರೊ ದಾಟಿ ಬಂದವರೆಲ್ಲ ಅಲ್ಲಿ ಇಳಿಯಲೇಬೇಕು. ಪರ್ಮಿಟ್ಟಿನ ಕಿಟಕಿಯ ಮುಂದೆ ಗೈಡ್ ಸಾಲಿನಲ್ಲಿ ನಿಂತಿರುತ್ತಾನೆ, ಪ್ರವಾಸಿಗರು ಮರದ ಕೆಳಗೆ ಊಟದ ಡಬ್ಬಿ ಬಿಚ್ಚುತ್ತಾರೆ, ನೀಲಿ ಹೊಳೆಯುವ ಗೊರವಂಕದಂಥ ಹಕ್ಕಿಗಳು ಕಾಲಡಿ ಚೂರು ಹೆಕ್ಕುತ್ತವೆ. ಗೈಡ್ ಕಿವಿಯಿಂದ ದೂರವಿರುವ ಅರ್ಧ ಗಂಟೆ ಅದು. ನನ್ನ ವೀಣಾ ಖಡಕ್ ರೊಟ್ಟಿ, ಶೇಂಗಾ ಹಿಂಡಿ ಹಂಚುತ್ತಿರುವಾಗ ರಮೇಶ ಮತ್ತು ಡಾಕ್ಟರ್ ಮೂತ್ರಕ್ಕೆಂದು ಜೊತೆಯಾಗಿ ಹೋಗಿ ಸ್ವಲ್ಪ ತಡವಾಗಿ ಬರುತ್ತಾರೆ. ಅಷ್ಟು ಸಾಕು. ಇಳಿಯಲು ಬಿಡುವ ಇನ್ನೊಂದು ಕಡೆ ಉದ್ಯಾನದ ನಡುಭಾಗದ ಸೆರೊನೆರಾ ಹತ್ತಿರದ ರೆಟಿಮಾ ನೀರಾನೆ ಮಡು. ಅಲ್ಲಿನ ನಾತ ಒಂದೇ ಒಂದು ಪುಟಕ್ಕೆ ಆದೀತು, ಅದಕ್ಕಿಂತ ಹೆಚ್ಚು ಬರೆದರೆ ಓದುಗ ಮೂಗು ಮುಚ್ಚಿಕೊಂಡು ಓಡುತ್ತಾನೆ.

ರಾತ್ರಿ ಬೇರೆ ಲೆಕ್ಕ. ಬೇಲಿಯಿಲ್ಲದ ಕ್ಯಾಂಪಿನಲ್ಲಿ ಕತ್ತಲಾದ ಮೇಲೆ ಡೇರೆಯಿಂದ ಊಟದ ಡೇರೆಗೆ ಹೋಗಬೇಕಾದರೂ ಕಾವಲುಗಾರ ಬರಬೇಕು. ಅವನನ್ನು 'ಆಸ್ಕರಿ' ಎನ್ನುತ್ತಾರೆ. ನೀವು ಟಾರ್ಚ್ ಆಡಿಸಿದರೆ ಅವನು ಬಂದು ಕರೆದೊಯ್ಯುತ್ತಾನೆ. ಅಂದರೆ ರಾತ್ರಿಯ ಪ್ರತಿ ಹೆಜ್ಜೆಗೂ ಒಬ್ಬ ಸಾಕ್ಷಿ ಇದ್ದಾನೆ. ಆಸ್ಕರಿ "ಆ ರಾತ್ರಿ ನಾನು ಯಾರನ್ನೂ ಕರೆದೊಯ್ಯಲಿಲ್ಲ" ಎಂದರೆ, ಯಾರೋ ಒಬ್ಬರಿಗೆ ಕತ್ತಲೆಗಿಂತ ಆಸ್ಕರಿಯ ಕಣ್ಣು ಹೆಚ್ಚು ಭಯದ್ದಾಗಿತ್ತು. ಉದ್ಯಾನದಲ್ಲಿ ರಾತ್ರಿ ಗಾಡಿ ಓಡಿಸುವಂತಿಲ್ಲ, ಹುಲ್ಲಿನ ವಿಮಾನಪಟ್ಟಿಗಳಲ್ಲಿ ವಿಮಾನ ಇಳಿಯುವುದು ಹಗಲಿನಲ್ಲಿ. ರೋಗಿಗಳನ್ನು ಒಯ್ಯಲು ನೈರೋಬಿಯ ವಿಲ್ಸನ್ ನಿಲ್ದಾಣದಿಂದ ಆಮ್ರೆಫ್ ಫ್ಲೈಯಿಂಗ್ ಡಾಕ್ಟರ್ಸ್ ಹಾರುತ್ತಾರೆ, 1957ರಿಂದ ನಡೆದುಬಂದ ಸಂಸ್ಥೆ. ಆದರೂ ಬೆಳಗಾಗಬೇಕು. ಸಂಜೆ ಏಳಕ್ಕೆ ಅನಾಹುತ ಮಾಡಿಸಿದರೆ ನಿಮಗೆ ಹನ್ನೊಂದು ತಾಸಿನ ಸಸ್ಪೆನ್ಸ್ ಪುಕ್ಕಟೆ ಸಿಗುತ್ತದೆ. "ನೆಟ್‌ವರ್ಕ್ ಇರಲಿಲ್ಲ" ಎಂಬ ಸೋಮಾರಿ ಸಬೂಬು ಮಾತ್ರ ಬೇಡ. ಸೆರೊನೆರಾ ಸುತ್ತ ಫೋನು ಹತ್ತುತ್ತದೆ, ಮಂದಿ ಸಿಂಹದ ಮುಂದೆ ಕೂತು ವಾಟ್ಸಾಪ್ ನೋಡುತ್ತಾರೆ.

ಗೊತ್ತಿಲ್ಲ ಅಂದವನಿಗೆ ಗೊತ್ತಿರುವುದು

ಈಗ ಅಸಲು ಮಾತು, ಸುಳಿವು ಹೇಗೆ ಇಡುವುದು. ರಕ್ತದ ಕಲೆ, ಹರಿದ ಗುಂಡಿ, ಹೆಜ್ಜೆಗುರುತು, ಇವೆಲ್ಲ ಹಳೆಯವು, ಬಯಲಿನಲ್ಲಿ ಉಳಿಯುವುದೂ ಇಲ್ಲ. ನಾನು ನೆಚ್ಚಿದ್ದು ಒಂದೇ ಬಗೆಯ ಸುಳಿವನ್ನು. ಡಾಕ್ಟರ್ ಪಾಟೀಲ "ನಾನೂ ಇದೇ ಮೊದಲ ಸಲ ಬರ್ತಿರೋದು" ಎನ್ನುತ್ತಾನೆ. ಮೊದಲ ಸಲ ಬಂದವನಿಗೆ ತಿಳಿದಿರಬಾರದ ಸಣ್ಣ ಸಂಗತಿಗಳು ಅವನಿಗೆ ತಿಳಿದಿವೆ.

ಮೊದಲನೆಯದು ಬಟ್ಟೆ. ಮರಗಳಿರುವ ಭಾಗಗಳಲ್ಲಿ ಸೆಟ್ಸಿ ನೊಣದ ಕಾಟ. ಜೀನ್ಸ್ ಪ್ಯಾಂಟಿನ ಮೇಲಿಂದಲೇ ಕಚ್ಚುತ್ತದೆ, ಕಡು ನೀಲಿ ಮತ್ತು ಕಪ್ಪು ಬಣ್ಣಕ್ಕೆ ಮುತ್ತಿಕೊಳ್ಳುತ್ತದೆ. ಅದಕ್ಕೇ ಮರಗಳಿಗೆ ನೀಲಿ-ಕಪ್ಪು ಬಟ್ಟೆ ಕಟ್ಟಿ, ವಿಷ ಸವರಿ, ಅವುಗಳನ್ನು ಹಿಡಿಯುತ್ತಾರೆ. ಗುರುನಾಥಪ್ಪನ ಮನೆಯವರೆಲ್ಲ ನೀಲಿ ಜೀನ್ಸ್ ಹಾಕಿ ಬಂದು ತೊಡೆ ತುರಿಸಿಕೊಳ್ಳುತ್ತಾರೆ. ಡಾಕ್ಟರರ ಚೀಲದಲ್ಲಿ ಒಂದು ನೀಲಿ ದಾರವೂ ಇಲ್ಲ, ಎಲ್ಲ ಮಣ್ಣಿನ ಬಣ್ಣ. ನೋಡುವವರಿಗೆ ಅದು ವಯಸ್ಸಾದವರ ಅಭಿರುಚಿ ಅನಿಸುತ್ತದೆ.

ಎರಡನೆಯದು ಗಂಟೆ. ಇದು ನನಗೆ ಬಹಳ ಪ್ರೀತಿಯದು. ಸ್ವಾಹಿಲಿಯವರ ದಿನ ಬೆಳಗಿನಿಂದ ಎಣಿಕೆಯಾಗುತ್ತದೆ. ನಮ್ಮ ಏಳು ಗಂಟೆ ಅವರಿಗೆ 'ಸಾ ಮೋಜಾ', ಒಂದನೇ ತಾಸು. ನಮ್ಮ ಎಂಟು ಅವರಿಗೆ 'ಸಾ ಎಂಬಿಲಿ', ಎರಡನೇ ತಾಸು. ಪಂಚಾಂಗದಲ್ಲಿ ಸೂರ್ಯೋದಯದಿಂದ ಗಳಿಗೆ ಎಣಿಸುವ ನಮಗೆ ಇದು ವಿಚಿತ್ರ ಅನಿಸಬಾರದು. ಆದರೂ ಅರುಷಾಕ್ಕೆ ಹೋದ ಹೊಸದರಲ್ಲಿ ಹತ್ತು ಗಂಟೆಗೆ ಬರಬೇಕಾದ ಬಡಗಿಗಾಗಿ ನಾನು ನಾಲ್ಕರವರೆಗೆ ಬಾಗಿಲು ಕಾದಿದ್ದೇನೆ. ಅವನು ಹೇಳಿದ 'ಹತ್ತು' ಸರಿಯಾಗಿಯೇ ಇತ್ತು. ಗಡಿಯಾರದಲ್ಲಿ ಚಿಕ್ಕ ಮುಳ್ಳಿನ ಎದುರಿಗಿರುವ ಅಂಕಿಯನ್ನು ಓದಿದರೆ ಅವರ ಗಂಟೆ ಸಿಗುತ್ತದೆ ಎಂದು ಆಮೇಲೆ ಒಬ್ಬ ಡ್ರೈವರ್ ಹೇಳಿಕೊಟ್ಟ.

ಕಾದಂಬರಿಯಲ್ಲಿ ಎರಡನೇ ಸಂಜೆ, ಡ್ಯಾಶ್‌ಬೋರ್ಡಿನ ಮೇಲೆ ಬರಾಕಾನಿಗೆ ಕ್ಯಾಂಪಿನವರು ಬರೆದ ಚೀಟಿ ಇದೆ: ನಾಳೆ ಗಾಡಿ, ಸಾ ಎಂಬಿಲಿ. ರಮೇಶ ಫೋನಿನಲ್ಲಿ ಹುಡುಕುತ್ತಾನೆ. ಎಂಬಿಲಿ ಎಂದರೆ ಎರಡು. "ನಾಳೆ ಮಧ್ಯಾಹ್ನ ಎರಡಕ್ಕ ಅಂತ, ಆರಾಮ ಮಲಗ್ರಿ" ಎಂದು ಎಲ್ಲರಿಗೂ ಹೇಳುತ್ತಾನೆ. ಮರುದಿನ ಬೆಳಿಗ್ಗೆ ಎಂಟಕ್ಕೆ ಬರಾಕಾ ಗಾಡಿ ತಂದು ನಿಲ್ಲಿಸಿದಾಗ ಮನೆಯವರೆಲ್ಲ ಲುಂಗಿ, ನೈಟಿಯಲ್ಲಿ ಓಡಾಡುತ್ತಿದ್ದಾರೆ. ಬೂಟಿನ ದಾರ ಕಟ್ಟಿ, ಟೊಪ್ಪಿಗೆ ಹಾಕಿ ನಿಂತವನು ಡಾಕ್ಟರ್ ಒಬ್ಬನೇ. ವೀಣಾ ನಗುತ್ತಾಳೆ: "ಡಾಕ್ಟ್ರು ಕೋಳಿಗಿಂತ ಮೊದಲ ಏಳ್ತಾರ." ಎಲ್ಲರೂ ನಗುತ್ತಾರೆ, ಓದುಗನೂ ನಗುತ್ತಾನೆ. ಸುಳಿವನ್ನು ಇಂಥ ನಗೆಯಲ್ಲಿ ಸುತ್ತಿ ಇಡಿ, ನಕ್ಕವನು ಅನುಮಾನ ಪಡುವುದಿಲ್ಲ. ಆ ನಗು ಅನಘಾಳಿಗೆ ಕಹಿಯಾಗಿ ನೆನಪಾಗುವುದು ನೂರು ಪುಟದ ಆಚೆ.

ಮೂರನೆಯದು ಹಳದಿ ಪುಸ್ತಕ. ಬೆಂಗಳೂರಿನಿಂದ ನೈರೋಬಿಗೆ ಹಾರಿ, ನಮಾಂಗಾ ಗಡಿಯಲ್ಲಿ ರಸ್ತೆ ಮೂಲಕ ಟಾಂಜಾನಿಯಾಕ್ಕೆ ಬರುವವರ ಕೈಯಲ್ಲಿ ಹಳದಿ ಜ್ವರದ ಲಸಿಕೆಯ ಪ್ರಮಾಣಪತ್ರ ಇರಬೇಕು. ಲಸಿಕೆ ಹಾಕಿಸಿಕೊಂಡ ಹತ್ತು ದಿನದ ಮೇಲೆ ಅದು ಊರ್ಜಿತವಾಗುತ್ತದೆ. ಡಾಕ್ಟರ್ ಈ ಪ್ರವಾಸಕ್ಕೆ ಸೇರಿದ್ದು ಕೊನೆ ಗಳಿಗೆಯಲ್ಲಿ, ರಮೇಶನ ಭಾವಮೈದುನನ ಟಿಕೆಟ್ ಖಾಲಿ ಉಳಿಯಿತೆಂದು, ಹೊರಡಲು ಎರಡು ವಾರ ಇರುವಾಗ. ಎಲ್ಲರ ಪುಸ್ತಕಗಳನ್ನು ಒಟ್ಟುಮಾಡಿ ಗಡಿಯ ಕಿಟಕಿಯಲ್ಲಿ ಕೊಡುವವಳು ಅನಘಾ. ಡಾಕ್ಟರರ ಪುಸ್ತಕದ ತಾರೀಖು ಎಂಟು ವರ್ಷ ಹಳೆಯದು. ಅವಳು ನೋಡುತ್ತಾಳೆ. "ಡಾಕ್ಟರಲ್ಲವೇ, ಯಾವಾಗಲೋ ಹಾಕಿಸಿಕೊಂಡಿರುತ್ತಾರೆ" ಎಂದುಕೊಳ್ಳುತ್ತಾಳೆ. ಪ್ರತಿ ಸುಳಿವಿಗೂ ಹೀಗೆ ಪಕ್ಕದಲ್ಲೇ ಒಂದು ಸರಳ ಕಾರಣ ಇರಬೇಕು. ಅದು ಇಲ್ಲದಿದ್ದರೆ ಓದುಗ ಅಲ್ಲೇ ಹಿಡಿದುಬಿಡುತ್ತಾನೆ, ನಿಮ್ಮ ನಾಯಕಿ ದಡ್ಡಿಯ ಹಾಗೆ ಕಾಣುತ್ತಾಳೆ.

ನಾಲ್ಕನೆಯದು ಚೀಲದ ತೂಕ. ವಾಪಸಾಗುವಾಗ ಸಣ್ಣ ವಿಮಾನ, ಒಬ್ಬರಿಗೆ 15 ಕಿಲೋ, ಅದೂ ಮೆತ್ತನೆಯ ಚೀಲ. ಹೊರಡುವ ಮುಂಚೆ ನಮ್ಮ ಆಫೀಸಿನಲ್ಲಿ ಎಲ್ಲರ ಚೀಲ ತೂಗಿ ಹಾಳೆಯಲ್ಲಿ ಬರೆಯುತ್ತಿದ್ದೆವು. ಎಲ್ಲರೂ ಗಟ್ಟಿ ಸೂಟ್‌ಕೇಸ್ ತಂದು ಪೇಚಾಡಿದರೆ ಡಾಕ್ಟರರದ್ದು ಕ್ಯಾನ್‌ವಾಸ್ ಚೀಲ, 12 ಕಿಲೋ. ಈ ಹಾಳೆಯನ್ನು ಮರೆಯಬೇಡಿ, ಕೊನೆಗೆ ಬೇಕಾಗುತ್ತದೆ.

ಬರಾಕಾನ ಕಿವಿ

ಸ್ವಾಹಿಲಿ ಮತ್ತು ಕನ್ನಡ ನೆಂಟರಲ್ಲ. ಆದರೆ ಇಬ್ಬರೂ ಅರಬ್ಬೀ, ಪಾರಸಿಯಿಂದ ಸಾಲ ತಂದವರು, ಹಿಂದೂ ಮಹಾಸಾಗರದ ವ್ಯಾಪಾರದ ಪುಣ್ಯ. ನಮ್ಮ ಬಂದರು ಅವರ 'ಬಂದಾರಿ'. ನಮ್ಮ ಗಾಡಿ ಅವರ 'ಗಾರಿ' (ಇದೊಂದು ಮಾತ್ರ ನಮ್ಮ ಕಡೆಯಿಂದಲೇ ಹೋದದ್ದು), ಖಬರು 'ಹಬಾರಿ', ದುಕಾನು 'ದುಕಾ'. ನಮ್ಮ ಸಬೂಬು ಅವರಲ್ಲಿ 'ಸಬಾಬು', ಅರ್ಥ ಮಾತ್ರ ಕಾರಣ ಎಂದು. ನಾವು ಅದನ್ನು ನೆಪ ಮಾಡಿಕೊಂಡೆವು, ಅದು ನಮ್ಮ ಸ್ವಭಾವ. ಸಫಾರಿ ಎಂಬುದೂ ಅರಬ್ಬಿಯ 'ಸಫರ್' ಮೂಲದ್ದು, ಪ್ರಯಾಣ ಎಂದರ್ಥ. ಗುಟ್ಟಿಗೆ ಸ್ವಾಹಿಲಿಯಲ್ಲಿ 'ಸಿರಿ' ಎನ್ನುತ್ತಾರೆ. ನಮಗೆ ಸಿರಿ ಎಂದರೆ ಸಂಪತ್ತು. ಒಂದು ಅಧ್ಯಾಯದ ಹೆಸರು ಇಲ್ಲೇ ಸಿಕ್ಕಿತಲ್ಲ?

ಇದನ್ನು ಕಥೆಗೆ ಹೇಗೆ ಬಳಸಿದೆ ಅಂದರೆ: ಗಾಡಿಯಲ್ಲಿ ಕೂತವರು ಗೈಡ್‌ಗೆ ಕನ್ನಡ ಬಾರದು ಎಂಬ ಧೈರ್ಯದಲ್ಲಿ ಮಾತಾಡುತ್ತಾರೆ. ಗುರುನಾಥಪ್ಪ ಕಿಟಕಿಗೆ ತಲೆಯಾನಿಸಿ ನಿದ್ದೆ ಹೋದಾಗ ರಮೇಶ ಮುಂದಕ್ಕೆ ಬಾಗಿ ಡಾಕ್ಟರರಿಗೆ ಪಿಸುಗುಡುತ್ತಾನೆ: "ಸಹಿಗೆ ಎಲ್ಲಾ ತಯಾರ್ ಐತಿ. ಹಿಸಾಬ ಆಮ್ಯಾಲೆ." ಕನ್ನಡಿಯಲ್ಲಿ ಬರಾಕಾನ ಕಣ್ಣು ಒಂದು ಕ್ಷಣ ಮೇಲೇಳುತ್ತದೆ. ಸ್ವಾಹಿಲಿಯಲ್ಲಿ 'ಸಹಿಹಿ' ಎಂದರೆ ಸಹಿ. 'ತಯಾರಿ' ಎಂದರೆ ಸಿದ್ಧ. 'ಹೆಸಾಬು' ಎಂದರೆ ಲೆಕ್ಕ. ಆ ಪಿಸುಮಾತಿನ ಮೂರು ಗಂಟು ಅವನಿಗೆ ಸಿಕ್ಕಿವೆ, ದಾರ ಸಿಕ್ಕಿಲ್ಲ. ಅನಘಾಳಿಗೆ ದಾರ ಗೊತ್ತು, ಗಂಟು ಕೇಳಿಸಿಲ್ಲ. ಇಬ್ಬರೂ ಮಾತಾಡಿಕೊಂಡ ದಿನ ಕಥೆ ಬಿಚ್ಚುತ್ತದೆ, ಆದ್ದರಿಂದ ಅವರಿಬ್ಬರನ್ನು ಆದಷ್ಟು ಹೊತ್ತು ದೂರ ಇಡುವುದೇ ನಿಮ್ಮ ಕೆಲಸ.

ಗೈಡ್‌ನ ಪಾತ್ರದಲ್ಲಿ ಎರಡು ಗುಂಡಿಗಳಿವೆ. ಒಂದು, ಯಜಮಾನನಿಗಾಗಿ ಪ್ರಾಣ ಕೊಡುವ ನಿಷ್ಠಾವಂತ. ಇನ್ನೊಂದು, ರೊಕ್ಕಕ್ಕೆ ಬಾಯಿಬಿಡುವ ಕಳ್ಳ. ನಾನು ಕಂಡ ಗೈಡ್‌ಗಳು ನಾಲ್ಕಾರು ಭಾಷೆ ಆಡುವವರು, ಹಕ್ಕಿಯ ಶಾಸ್ತ್ರೀಯ ಹೆಸರು ಹೇಳುವವರು, ಮಗಳ ಶಾಲೆಯ ಫೀಸಿಗಾಗಿ ಪ್ರವಾಸದ ಕೊನೆಯ ದಿನದ ಭಕ್ಷೀಸಿನ ಲಕೋಟೆಯನ್ನು ಲೆಕ್ಕ ಹಾಕುವವರು. ಆ ಲಕೋಟೆಯೇ ಬರಾಕಾನ ಇಕ್ಕಟ್ಟು. ಕೇಳಿಸಿಕೊಂಡದ್ದನ್ನು ಹೇಳಿದರೆ ಲಕೋಟೆ ಹೋಗುತ್ತದೆ, ಕಂಪನಿಗೆ ದೂರು ಹೋಗುತ್ತದೆ.

ಈ ಎರಡನೇ ಗುಂಡಿಗೆ ನಾನು ನಿಜ ಜೀವನದಲ್ಲೇ ಬಿದ್ದವನು. ನಮ್ಮ ಗಾಡಿಗಳು ಒಣ ದಿನಗಳಲ್ಲಿ ಲೀಟರಿಗೆ 6 ಕಿಲೋಮೀಟರ್ ಕೊಡುತ್ತಿದ್ದವು, ಮಳೆಯಲ್ಲಿ ಕೆಸರು ತುಳಿದರೆ 4. ಒಂದು ವರ್ಷ ಆಗಸ್ಟ್ ತಿಂಗಳಲ್ಲಿ, ನೆಲ ಬಿರುಕು ಬಿಟ್ಟಿರುವಾಗ, ಒಂದು ಗಾಡಿ 4ರಲ್ಲೇ ನಿಂತಿತು. ಎಲ್ಲರ ಬೆರಳೂ ಡ್ರೈವರ್ ಕಡೆಗೆ. ಅವನನ್ನು ಮೂರು ವಾರ ಮನೆಗೆ ಕಳಿಸಿದ ಪತ್ರಕ್ಕೆ ಸಹಿ ಹಾಕಿದವನು ನಾನು. ಆಮೇಲೆ ಬಿಲ್ಲುಗಳನ್ನು ತಾರೀಖಿನ ಪ್ರಕಾರ ಜೋಡಿಸಿದೆ. ಹೆಚ್ಚುವರಿ ಬಿಲ್ಲುಗಳೆಲ್ಲ ರವಿವಾರದವು, ಆ ರವಿವಾರಗಳಲ್ಲಿ ಗಾಡಿ ಗ್ಯಾರೇಜಿನಲ್ಲಿತ್ತು. ಬಿಲ್ಲು ತಂದುಕೊಡುತ್ತಿದ್ದವನು ಆಫೀಸಿನ ನನ್ನ ಗೆಳೆಯ, ನಮ್ಮ ಭಾಗದವನೇ. ಪ್ರತಿ ರವಿವಾರ ನಮ್ಮ ಮನೆಗೆ ಊಟಕ್ಕೆ ಬರುತ್ತಿದ್ದ. ಅಂದರೆ ಪಂಪಿನಿಂದ ನೇರ ನಮ್ಮ ಮನೆಗೆ. ಆ ಬಿಲ್ಲು ಅಂಗಿಯ ಕಿಸೆಯಲ್ಲಿ ಇಟ್ಟುಕೊಂಡೇ ನನ್ನ ಹೆಂಡತಿ ಮಾಡಿದ ಸಾರನ್ನು ಕೈಯಲ್ಲಿ ಸುರಿದುಕೊಂಡು ಕುಡಿದು, "ವೈನಿ, ಊರು ನೆನಪಾತು" ಅನ್ನುತ್ತಿದ್ದ. ಅವನು ಕೆಲಸ ಬಿಟ್ಟು ಹೋದ. ಊರಿಗೆ ಹೋದ ಎಂದಷ್ಟೇ ಮನೆಯಲ್ಲಿ ಹೇಳಿದೆ.

ಲೀಟರು ಎಷ್ಟು ಎಂಬುದು ಈಗ ಮರೆತಿದೆ, ಆ 'ಊರು ನೆನಪಾತು' ಮರೆತಿಲ್ಲ. ಯಾಕೆಂದರೆ ಅದು ಸುಳ್ಳಾಗಿರಲಿಲ್ಲ. ಅವನಿಗೆ ನಿಜವಾಗಿಯೂ ಊರು ನೆನಪಾಗುತ್ತಿತ್ತು. ನಿಮ್ಮ ದ್ರೋಹಿಯನ್ನು ಹೀಗೆ ಬರೆಯಿರಿ. ನನ್ನ ಡಾಕ್ಟರ್ ಪ್ರತಿ ಬೆಳಿಗ್ಗೆ ಗುರುನಾಥಪ್ಪನ ಬಿ.ಪಿ. ನೋಡುತ್ತಾನೆ, ಮಾತ್ರೆ ಎಣಿಸಿ ಕೊಡುತ್ತಾನೆ, 30 ವರ್ಷದ ಹಿಂದೆ ಅವನ ಹೆಂಡತಿಯ ಹೆರಿಗೆಗೆ ರಾತ್ರಿಯೆಲ್ಲ ಕೂತಿದ್ದವನು. ಅದೆಲ್ಲ ನಾಟಕ ಎಂದು ಕೊನೆಗೆ ಬಯಲು ಮಾಡಬೇಡಿ. ಗೆಳೆತನ ನಿಜ, ಮಗನ ಆಸ್ಪತ್ರೆಯ ಸಾಲವೂ ನಿಜ.

ಪ್ರಾಣಿಗಳಿಗೆ ಅವುಗಳ ಕೆಲಸ ಮಾಡಲು ಬಿಡಿ

ಇದನ್ನು ಬೇಗ ಹೇಳಿ ಮುಗಿಸುತ್ತೇನೆ. ಆಫ್ರಿಕಾದ ಕಾಡಿನಲ್ಲಿ ಹುಲಿ ಇಲ್ಲ. ಅಲ್ಲಿನ ಆನೆಗಳಲ್ಲಿ ಹೆಣ್ಣಿಗೂ ದಂತವಿರುತ್ತದೆ, 'ದಂತವಿದೆ, ಹಾಗಾದರೆ ಸಲಗ' ಎಂಬ ನಮ್ಮ ಲೆಕ್ಕ ನಡೆಯದು. ಮರದ ಮೇಲೆ ಬೇಟೆ ಎಳೆದೊಯ್ದು ಇಡುವುದು ಚಿರತೆ. ಕಣ್ಣಿಂದ ಬಾಯಿಯವರೆಗೆ ಕಣ್ಣೀರಿನ ಕಪ್ಪು ಗೆರೆಯಿದ್ದು ಬಯಲಿನಲ್ಲಿ ಓಡುವುದು ಚೀತಾ, ಹಳಬರ ಸಿವಂಗಿ. ಸಿಂಹ ದಿನದ ಇಪ್ಪತ್ತು ತಾಸಿನವರೆಗೂ ಮಲಗಿಯೇ ಇರುತ್ತದೆ.

ಸಿಂಹ ಮನುಷ್ಯರನ್ನು ತಿಂದೇ ಇಲ್ಲವೇ ಎಂದರೆ, ತಿಂದಿದೆ. 1898ರಲ್ಲಿ ಕೀನ್ಯಾದ ಸಾವೋದಲ್ಲಿ, ಮೊಂಬಾಸಾದಿಂದ ರೈಲುಹಳಿ ಹಾಕಲು ಇಂಡಿಯಾದಿಂದ ಒಯ್ದ ಕೂಲಿಗಳನ್ನು ಎರಡು ಸಿಂಹಗಳು ಹೊತ್ತೊಯ್ದವು. ಅವುಗಳ ಒಣಹುಲ್ಲು ತುಂಬಿದಂಥ ಮೈ ಈಗ ಶಿಕಾಗೋದ ಫೀಲ್ಡ್ ಮ್ಯೂಸಿಯಮ್ಮಿನಲ್ಲಿದೆ. ಆದರೆ ಅದು ಸಿಂಹದ ಕಥೆ. ಸಿಂಹ ಕೊಂದರೆ ಯಾರಿಗೂ ಪಾಪ ತಟ್ಟುವುದಿಲ್ಲ, ಪಾಪ ತಟ್ಟದ ಕಡೆ ದ್ರೋಹದ ಕಾದಂಬರಿ ನಿಲ್ಲುವುದಿಲ್ಲ.

ಪ್ರಾಣಿಗಳನ್ನು ಸಾಕ್ಷಿಗಳಾಗಿ ಬಳಸಿ. ರಣಹದ್ದು ಕಣ್ಣಿನಿಂದ ಹುಡುಕುವ ಹಕ್ಕಿ, ಮೇಲೆ ಏರಲು ಬಿಸಿಗಾಳಿ ಬೇಕು. ನೆಲ ಕಾಯುವವರೆಗೆ ಮರದಲ್ಲೇ ಕೂತಿರುತ್ತದೆ. "ಸೂರ್ಯ ಹುಟ್ಟುವ ಮೊದಲೇ ಹದ್ದು ಸುತ್ತುವುದು ನೋಡಿದೆ, ಅದಕ್ಕೇ ಆ ಕಡೆ ಹುಡುಕಿದೆ" ಎಂದು ರಮೇಶ ಹೇಳಿದಾಗ ಬರಾಕಾನಿಗೆ ಅವನು ಸುಳ್ಳಾಡುತ್ತಿರುವುದು ತಿಳಿಯುತ್ತದೆ. ಕತ್ತೆಕಿರುಬ ಎಲುಬನ್ನೂ ಅರಗಿಸಿಕೊಳ್ಳುತ್ತದೆ, ಅದರ ಹಿಕ್ಕೆ ಒಣಗಿದರೆ ಸುಣ್ಣದ ಹಾಗೆ ಬೆಳ್ಳಗೆ. ಘೇಂಡಾಮೃಗದ ಬೆನ್ನೇರಿ ಉಣ್ಣಿಹುಳ ತಿನ್ನುವ ಹಕ್ಕಿಗೆ ಸ್ವಾಹಿಲಿಯಲ್ಲಿ 'ಆಸ್ಕರಿ ವಾ ಕಿಫಾರು' ಎನ್ನುತ್ತಾರೆ, ಘೇಂಡಾದ ಕಾವಲುಗಾರ. ಮನುಷ್ಯ ಹತ್ತಿರ ಬಂದರೆ ಕೂಗಿ ಎಚ್ಚರಿಸುತ್ತದೆ. ಅದೇ ಹಕ್ಕಿ ಘೇಂಡಾದ ಗಾಯವನ್ನು ಕುಕ್ಕಿ ರಕ್ತವನ್ನೂ ಕುಡಿಯುತ್ತದೆ. ಇದನ್ನು ಡಾಕ್ಟರ್ ಪಾಟೀಲನೇ ದುರ್ಬೀನಿನಲ್ಲಿ ನೋಡಿ ಗುರುನಾಥಪ್ಪನಿಗೆ ವಿವರಿಸುವಂತೆ ಬರೆದೆ. ಯಾವ ಟಿಪ್ಪಣಿಯನ್ನೂ ಸೇರಿಸಲಿಲ್ಲ.

ಕಾಯಿಸುವುದು

ಸಫಾರಿಯ ಬಹುಪಾಲು ಕಾಯುವುದೇ. ಮರದ ಕೆಳಗೆ ಎಂಜಿನ್ ಆಫ್ ಮಾಡಿ ಎರಡು ತಾಸು ಕೂತು, ಬಾಲ ಒಮ್ಮೆ ಆಡಿದ್ದನ್ನು ನೋಡಿ ಬರುವವರಿದ್ದಾರೆ. ಬರಹಗಾರ ಇದನ್ನು ಹಾರಿಸಿಬಿಡುತ್ತಾನೆ. ಹಾರಿಸಬೇಡಿ. ಆದರೆ ಓದುಗನಿಗೆ ಮೊದಲೇ ಒಂದು ಸಂಗತಿ ಹೇಳಿಟ್ಟು ಕಾಯಿಸಿ. ನಾನು ಒಂಬತ್ತನೇ ಅಧ್ಯಾಯದಲ್ಲಿ, ಫೈಲು ಗುರುನಾಥಪ್ಪನ ಚೀಲದಲ್ಲಿ ಈಗ ಇಲ್ಲ ಎಂದು ಓದುಗನಿಗೆ ತೋರಿಸಿದೆ. ಗುರುನಾಥಪ್ಪನಿಗೆ ಗೊತ್ತಿಲ್ಲ. ಹನ್ನೊಂದನೇ ಅಧ್ಯಾಯ ಪೂರ್ತಿ ಅವರು ಮಲಗಿದ ಸಿಂಹದ ಮುಂದೆ ಕೂತಿದ್ದಾರೆ. ಗುರುನಾಥಪ್ಪ ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡು ಅದರ ಮೇಲೆ ಕೈ ತಟ್ಟುತ್ತ ಹಾಡು ಗುನುಗುತ್ತಾನೆ. ಏನೂ ನಡೆಯುವುದಿಲ್ಲ. ಓದಿದವರೆಲ್ಲ ಹೆಚ್ಚು ಹೆದರಿದ್ದು ಆ ಅಧ್ಯಾಯಕ್ಕೆ.

ಕೊನೆಯನ್ನು ಸೆರೊನೆರಾದ ವಿಮಾನಪಟ್ಟಿಯಲ್ಲಿ ಇಟ್ಟೆ. ಪೊಲೀಸ್ ಠಾಣೆ, ಕೋರ್ಟು, ತಪ್ಪೊಪ್ಪಿಗೆಯ ನಾಲ್ಕು ಪುಟದ ಭಾಷಣ ಏನೂ ಬೇಡ. ಒಂದು ತಕ್ಕಡಿ, ಒಂದು ಹಾಳೆ. ರೊಟ್ಟಿ, ಹಿಂಡಿ, ಚಕ್ಕುಲಿ ಖಾಲಿಯಾಗಿ ಎಲ್ಲರ ಚೀಲ ಒಂದೆರಡು ಕಿಲೋ ಹಗುರಾಗಿವೆ. ಅನಘಾ ಅರುಷಾದ ಹಾಳೆಯನ್ನು ಪಕ್ಕದಲ್ಲಿ ಹಿಡಿದಿದ್ದಾಳೆ. ಏನನ್ನೂ ಕೊಳ್ಳದ ಡಾಕ್ಟರರ 12 ಕಿಲೋದ ಕ್ಯಾನ್‌ವಾಸ್ ಚೀಲ ತಕ್ಕಡಿಯ ಮೇಲೆ ಕೂರುತ್ತದೆ. ಮುಳ್ಳು 14ರಲ್ಲಿ ನಿಲ್ಲುತ್ತದೆ. ಗುರುನಾಥಪ್ಪ ಏನಾದ ಎಂಬುದನ್ನು ಮಾತ್ರ ಇಲ್ಲಿ ಹೇಳಲಾರೆ, ಪುಸ್ತಕ ನಾಲ್ಕು ಪ್ರತಿಯಾದರೂ ಮಾರಾಟವಾಗಬೇಕಲ್ಲ.

ಎರಡನೇ ಪ್ರತಿಯನ್ನು ಹೆಂಡತಿ ಮೂರು ದಿನದಲ್ಲಿ ಓದಿದಳು. ಸಿಂಹ ಬರೀ ಮಲಗಿದೆ ಎಂದು ಆಕ್ಷೇಪಣೆ ಬರಬಹುದೆಂದು ಕಾಯುತ್ತಿದ್ದೆ. ಬರಲಿಲ್ಲ. ಹಾಳೆಗಳನ್ನು ಅಂಚು ಕೂಡಿಸಿ ದಾರ ಕಟ್ಟುತ್ತ, "ಈ ಡಾಕ್ಟರ್ ಸಾರು ಕುಡಿಯೋ ರೀತಿ ಎಲ್ಲೋ ನೋಡಿದಂಗ ಐತಲ್ಲ" ಅಂದಳು.

ನಾನು ಮಾತಾಡಲಿಲ್ಲ.

"ಅವರು ರವಿವಾರ ಬರೋದು ಬಿಟ್ಟದ್ದು ಇದಕ್ಕೇನು?"